ಆನೆ ರೈಟರ್: ತನ್ನ ಕಣ್ಣನ್ನೇ ನಂಬದ ಒಬ್ಬರ ಪ್ರಕರಣ

ಹಾಸನದಲ್ಲಿ ಆಪ್ತಸಮಾಲೋಚನೆ ಶುರು ಮಾಡಿ 11 ವರ್ಷ ಆಯಿತು. ನನ್ನ ಹತ್ತಿರ ಬರುವವರು ಪರೀಕ್ಷೆ, ಮದುವೆ, ಕುಡಿತ, ಸಾಲ, ಇವುಗಳಲ್ಲಿ ಯಾವುದೋ ಒಂದನ್ನು ಹೊತ್ತು ತರುತ್ತಾರೆ. "ಎಲ್ಲಿ ನೋಡಿದರೂ ಆನೆ ಕಾಣುತ್ತೆ" ಎಂದು ಬಂದವರು ಇವರೊಬ್ಬರೇ. ಇದನ್ನು ಬರೆದ ಮೇಲೆ ಅವರಿಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿಸಿದರು, ಆಮೇಲೆ ಒಪ್ಪಿದರು. ಊರು, ವಯಸ್ಸು, ತೋಟದ ಗುರುತು ಎಲ್ಲ ಬದಲಿಸಿದ್ದೇನೆ. ಹೆಸರಂತೂ ಬೇಕಾಗಿಲ್ಲ. ತೋಟದಲ್ಲಿ ಎಲ್ಲರೂ ರೈಟರ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಕಾಫಿ ಸೀಮೆಯ ಹೊರಗಿನವರಿಗೆ ಒಂದು ಮಾತು. ರೈಟರ್ ಅಂದರೆ ತೋಟದ ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನೋಡಿಕೊಳ್ಳುವವರು. ಸಾಹುಕಾರರು ಊರಲ್ಲಿ ಇಲ್ಲದಾಗ ತೋಟಕ್ಕೆ ಅವರೇ ದಿಕ್ಕು. ನಮ್ಮ ರೈಟರ್ ಆಲೂರು–ಸಕಲೇಶಪುರ ನಡುವಿನ ಒಂದು ತೋಟದಲ್ಲಿ 22 ವರ್ಷದಿಂದ ಇದ್ದಾರೆ.

ಆ ಕಡೆ ಕಾಡಾನೆ ಹೊಸದಲ್ಲ. ಹಗಲು ತೋಟದ ನೆರಳಲ್ಲಿ ನಿಲ್ಲುತ್ತವೆ, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಹಲಸಿನ ಕಾಲದಲ್ಲಿ ಒಂದು ದಾರಿ, ಭತ್ತ ಹಾಲುಗಟ್ಟುವಾಗ ಇನ್ನೊಂದು ದಾರಿ. ಬೈನೆ ಮರ ಮುರಿದ ಸದ್ದು ಕೇಳಿದರೆ ಯಾವ ಗುಡ್ಡದಲ್ಲಿವೆ ಎಂದು ಮಕ್ಕಳೂ ಹೇಳುತ್ತಾರೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಗುಂಪು ಎಲ್ಲಿದೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ರೈಟರ್ ಆನೆ ನೋಡಿದ್ದು ನೂರಾರು ಸಲ. ಭಯ ಇತ್ತು. ಆದರೆ ಅದು ಮಳೆಗೆ ಕೊಡೆ ಹಿಡಿಯುವಂಥ ದಿನನಿತ್ಯದ ಎಚ್ಚರ ಅಷ್ಟೇ.

2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುವಾಗ ಅರ್ಜುನ ಸತ್ತ. ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ. ಆ ದಿನದ ವಿಡಿಯೋಗಳು ಎಲ್ಲರ ಫೋನಿನಲ್ಲಿದ್ದವು. "ಅರ್ಜುನನಿಗೇ ಹಿಂಗಾದ್ರೆ ನಾವು ಯಾವ ಲೆಕ್ಕ" ಎಂಬ ಮಾತನ್ನು ಆ ಸೀಮೆಯ ಕನಿಷ್ಠ ಹತ್ತು ಜನರಿಂದ ಕೇಳಿದ್ದೇನೆ. ಮುಂದೆ ಆದದ್ದನ್ನು ಈ ಗಾಳಿಯಲ್ಲೇ ಇಟ್ಟು ನೋಡಬೇಕು.

ಘಟನೆ ಆದದ್ದು ಮರುವರ್ಷ, ಆಶ್ಲೇಷ ಮಳೆಯಲ್ಲಿ. ಬೆಳಗ್ಗೆ ಐದೂಮುಕ್ಕಾಲು. ಬೈಕಿನ ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟಿದ್ದರು. ತೋಟದ ರಸ್ತೆಯ ಒಂದು ತಿರುವಿನಲ್ಲಿ ಒಂಟಿ ಸಲಗ. ಎಷ್ಟು ಹತ್ತಿರ ಅಂದರೆ ಬೈಕಿನ ಬೆಳಕು ಅದರ ಮೊಣಕಾಲಿನ ಮೇಲೆ ಬಿತ್ತು. ಬೈಕ್ ಬಿಟ್ಟು ಕಾಫಿ ಗಿಡದ ಸಂದಿಯಲ್ಲಿ ಉರುಳಿ ಕೆಳಗಿನ ಹಳ್ಳಕ್ಕೆ ಬಿದ್ದರು. ಮೈಯೆಲ್ಲ ತರಚಿತು, ಒಂದು ಬೆರಳು ಮುರಿಯಿತು. ಆನೆ ಬೈಕನ್ನು ಮುಟ್ಟಲಿಲ್ಲ. ಹಾಲಿನ ಕ್ಯಾನನ್ನು ಮಾತ್ರ ತುಳಿದು ಹೋಯಿತು. ರೊಟ್ಟಿಯ ಹಾಗೆ ಚಪ್ಪಟೆ. ಆ ಕ್ಯಾನನ್ನು ಅವರು ತಂದು ಮನೆಯ ಜಗುಲಿಯಲ್ಲಿ ಗೋಡೆಗೆ ಒರಗಿಸಿ ಇಟ್ಟರು.

ಸಮಸ್ಯೆ

ಮೊದಲ ವಾರ ಎಲ್ಲರೂ ನೋಡಲು ಬಂದರು. ಎರಡನೇ ವಾರ ಕೆಲಸಕ್ಕೆ ಹೋದರು. ಆಗ ಶುರುವಾಯಿತು.

ಮುಸ್ಸಂಜೆಯಲ್ಲಿ ಮರದ ಬೊಡ್ಡೆ ಆನೆಯಾಯಿತು. ಗೊಬ್ಬರದ ಮೂಟೆಗೆ ಹೊದಿಸಿದ ಟಾರ್ಪಾಲು ಕಿವಿ ಬೀಸಿತು. ಒಂದೇ ವಾರದಲ್ಲಿ ಮೂರು ಸಲ "ಆನೆ, ಆನೆ" ಎಂದು ಕೂಗಿ ಆಳುಗಳನ್ನು ಓಡಿಸಿದರು. ಮೂರು ಸಲವೂ ಏನೂ ಇರಲಿಲ್ಲ. ಅರ್ಧ ದಿನದ ಕೂಲಿ ಹೋದವರಿಗೆ ಸಿಟ್ಟು ಬಂತು. ಹುಡುಗರು ಹಿಂದಿನಿಂದ "ಆನೆ ರೈಟರ್" ಅನ್ನಲು ಶುರು ಮಾಡಿದರು. ರಾತ್ರಿ ನಿದ್ದೆ ಇಲ್ಲ. ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದರು.

ನನ್ನವರೆಗೆ ಬರಲು ಕಾರಣವಾದದ್ದು ಒಂದು ಪಟಾಕಿ. ಸೆಪ್ಟೆಂಬರಿನ ಒಂದು ಸಂಜೆ, ಸೋನೆ ಮಳೆ. ಒಬ್ಬ ಹೆಣ್ಣಾಳು ಕಪ್ಪು ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು ಗಿಡದ ಬುಡದಲ್ಲಿ ಬಗ್ಗಿ ಕತ್ತಿ ಹುಡುಕುತ್ತಿದ್ದಳು. ರೈಟರ್ ಕಂಡದ್ದು ಮರಿಯಾನೆ. ಮರಿ ಇದ್ದರೆ ತಾಯಿ ಇದ್ದೇ ಇರುತ್ತದೆ. ಜೇಬಿನಲ್ಲಿದ್ದ ಪಟಾಕಿ ಹಚ್ಚಿ ಎಸೆದರು. ಅದು ಅವಳಿಂದ ಎರಡು ಮಾರು ದೂರದಲ್ಲಿ ಸಿಡಿಯಿತು, ದೇವರ ದಯೆ. ಆದರೆ ಅವಳು ತಿರುಗಿ ನೋಡಿ ಕಿರುಚಿದ ಮೇಲೂ ಒಂದೆರಡು ಕ್ಷಣ ತನಗೆ ಸೊಂಡಿಲೇ ಕಾಣುತ್ತಿತ್ತು ಎಂದು ಅವರು ನನಗೆ ಹೇಳಿದರು. ಹೇಳುವಾಗ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಮಾಡಿ ನೋಡಿದ್ದು

ಮನೆಯವರು ಸುಮ್ಮನೆ ಕೂತಿರಲಿಲ್ಲ. ಮೊದಲು ಕಣ್ಣಿನ ಆಸ್ಪತ್ರೆ. ಚಾಳೀಸು ಬಂದಿದೆ, ಓದಲು ಕನ್ನಡಕ ಬೇಕು, ದೂರದ ನೋಟ ಸರಿ ಇದೆ ಎಂದರು. ಆಮೇಲೆ ಯಂತ್ರ ಕಟ್ಟಿಸಿದರು. ಯಂತ್ರ ಕಟ್ಟಿಸಿದ ವಾರ ಆನೆ ಕಡಿಮೆಯಾದವು. ನಾನು ಇದನ್ನು ಕೇಳಿ ನಗಲಿಲ್ಲ. ಆ ವಾರ ಅವರಿಗೆ ನಿದ್ದೆ ಬಂದಿತ್ತು. ನಿದ್ದೆಗೂ ಆನೆಗೂ ಏನೋ ಲೆಕ್ಕ ಇದೆ ಎಂದು ನನಗೆ ಮೊದಲು ಹೊಳೆದದ್ದೇ ಅಲ್ಲಿ.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ತಪ್ಪು. "ಇದು ಭ್ರಮೆ, ಎಲ್ಲರಿಗೂ ಆಗುತ್ತೆ" ಎಂದೆ. ಧೈರ್ಯ ಹೇಳುವ ಉದ್ದೇಶ. ಅವರ ಮುಖ ಬಿಗಿಯಿತು. "ಹಂಗಾದ್ರೆ ನಾನು ಸುಳ್ಳು ಹೇಳ್ತಿದೀನಾ ಮೇಡಂ?" ಅಷ್ಟಕ್ಕೆ ನಿಲ್ಲಿಸಬಾರದೇ? ಮೇಜಿನ ಮೇಲೆ ಒಂದು ಚಿತ್ರ ಇಟ್ಟೆ. 1889ರಲ್ಲಿ ಮ್ಯೂಲರ್-ಲಯರ್ ಎಂಬವರು ಪ್ರಕಟಿಸಿದ ಎರಡು ಗೆರೆಗಳ ಚಿತ್ರ. ಎರಡೂ ಗೆರೆ ಒಂದೇ ಉದ್ದ. ಆದರೆ ತುದಿಯ ಬಾಣ ಒಳಗೆ ತಿರುಗಿದೆಯೋ ಹೊರಗೆ ತಿರುಗಿದೆಯೋ ಅನ್ನುವುದರ ಮೇಲೆ ಒಂದು ಉದ್ದ, ಒಂದು ಗಿಡ್ಡ ಕಾಣುತ್ತದೆ. ಅಳತೆ ಪಟ್ಟಿಯಲ್ಲಿ ಅಳೆದು ತೋರಿಸಿದೆ. ಅವರು ನೋಡಿದರು. "ಗೆರೆ ಬಂದು ತುಳಿಯಲ್ಲ ಅಲ್ವಾ ಮೇಡಂ" ಎಂದರು.

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಗೆರೆ ತಪ್ಪಿ ಕಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಅವರ ತಕರಾರಿನ ಮೂಲವೇ ಅದು.

ಮಬ್ಬಿನಲ್ಲಿ ಹಗ್ಗ ಹಾವಾಗುವ ಉದಾಹರಣೆ ನಮ್ಮಲ್ಲಿ ಹಳೆಯದು. ಹಿಂದೆ ಕಂಡದ್ದು ನೆನಪಿನ ರೂಪದಲ್ಲಿ ಬೇರೊಂದರ ಮೇಲೆ ತೋರುತ್ತದೆ ಎಂದು ಶಂಕರರು ಹೇಳುತ್ತಾರೆ. ಹಾವನ್ನೇ ಕಾಣದವನಿಗೆ ಹಗ್ಗ ಹಾವಾಗಲಾರದು. ಸರಿ. ಆದರೆ ರೈಟರ್‌ಗೆ ಆನೆಯ ನೆನಪು 22 ವರ್ಷದಿಂದ ಇತ್ತು, ಆಗೆಲ್ಲ ಬೊಡ್ಡೆ ಬೊಡ್ಡೆಯಾಗಿಯೇ ಕಾಣುತ್ತಿತ್ತು. ಆ ಬೆಳಗಿನಿಂದ ಬದಲಾದದ್ದು ತಪ್ಪಿಗೆ ಕಟ್ಟಬೇಕಾದ ಬೆಲೆ. ರ್‍ಯಾಂಡೊಲ್ಫ್ ನೆಸ್ಸೆ ಎಂಬ ವೈದ್ಯರು ಇದನ್ನು ಹೊಗೆ ಕಂಡರೆ ಕೂಗುವ ಅಲಾರಂಗೆ ಹೋಲಿಸುತ್ತಾರೆ. ಒಗ್ಗರಣೆ ಹೊಗೆಗೆ ಹತ್ತು ಸಲ ಕೂಗಿದರೂ ಪರವಾಗಿಲ್ಲ, ಮನೆಗೆ ಬೆಂಕಿ ಬಿದ್ದಾಗ ಒಂದು ಸಲವೂ ತಪ್ಪಬಾರದು. ಮನಸ್ಸು ಅಲಾರಮ್ಮಿನ ತಿರುಪನ್ನು ಅಷ್ಟು ಸೂಕ್ಷ್ಮಕ್ಕೆ ತಿರುಗಿಸಿ ಇಟ್ಟಿತ್ತು. ಅಲಾರಂ ಕೆಟ್ಟಿರಲಿಲ್ಲ. ಇದು ಗೊತ್ತಾದ ಮೇಲೆ ನಾನು ಅವರ ಎದುರು "ಭ್ರಮೆ" ಎಂಬ ಪದ ಮತ್ತೆ ಬಳಸಲಿಲ್ಲ.

ಇನ್ನೊಂದು ನಿರ್ಧಾರ ಬೇಗ ತೆಗೆದುಕೊಂಡೆ. ಘಟನೆ ಆಗಿ ತಿಂಗಳು ದಾಟಿತ್ತು. ನಿದ್ದೆಗೇಡು, ಬೆಚ್ಚಿ ಬೀಳುವುದು, ಆ ದಾರಿಯನ್ನೇ ಬಿಟ್ಟು ಓಡಾಡುವುದು, ಎಲ್ಲ ಇತ್ತು. ಇಂಥದ್ದನ್ನು ಮನೋವೈದ್ಯರು ನೋಡಲೇಬೇಕು. ಕಳಿಸಿದೆ. ಕೆಲವು ವಾರದ ಔಷಧಿ ಕೊಟ್ಟರು. ದೂರದ ಊರಿನವರು ಹಾಸನಕ್ಕೆ ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಿಂದ ಇದೆ, ಆದರೂ ತೋಟದ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಇಲ್ಲದ ಬಂಡೆ

ನಾಲ್ಕನೇ ಭೇಟಿಯಲ್ಲಿ ಆ ತಿರುವಿನ ಚಿತ್ರ ಬರೆಯಲು ಹೇಳಿದೆ. ಬಾಯಲ್ಲಿ ಹೇಳುವಾಗ ಅವರು ಪ್ರತಿ ಸಲ ಆನೆ ಕಿವಿ ಬೀಸಿದ ಜಾಗದಿಂದಲೇ ಶುರು ಮಾಡುತ್ತಿದ್ದರು. ಅದಕ್ಕೆ ಮೊದಲಿನ ಅರ್ಧ ನಿಮಿಷ ನನಗೆ ಬೇಕಿತ್ತು.

ಲೆಕ್ಕದ ಕೈ. ಅಚ್ಚುಕಟ್ಟಾಗಿ ಬರೆದರು. ರಸ್ತೆ, ಚರಂಡಿ, ಎಡಕ್ಕೆ ಸಿಲ್ವರ್ ಓಕ್ ಮರದ ಸಾಲು, ಬಲಕ್ಕೆ ಬೇಲಿ. ಬೇಲಿಯ ಪಕ್ಕ ಒಂದು ದೊಡ್ಡ ದುಂಡು.

"ಇದೇನು?"

"ಬಂಡೆ ಮೇಡಂ. ಬಂಡೆ ಪಕ್ಕದಲ್ಲಿ ಹೋಗೋಣ ಅಂತ ಬೈಕ್ ಬಲಕ್ಕೆ ಎಳೆದೆ. ಅಷ್ಟರಲ್ಲಿ..."

ಪೆನ್ನು ನಿಂತಿತು. ಸ್ವಲ್ಪ ಹೊತ್ತು ಚಿತ್ರ ನೋಡಿದರು.

"ಅಲ್ಲಿ ಬಂಡೆ ಇಲ್ಲ" ಎಂದರು. "22 ವರ್ಷ ಓಡಾಡಿದೀನಿ. ಅಲ್ಲಿ ಬಂಡೆಯೇ ಇಲ್ಲ ಮೇಡಂ."

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಆ ಬೆಳಗ್ಗೆ ಅವರ ಕಣ್ಣು ಮಾಡಿದ್ದು ಈಗಿನದಕ್ಕೆ ತದ್ವಿರುದ್ಧ ತಪ್ಪು. ಆನೆಯನ್ನೇ ಬಂಡೆಯಾಗಿ ನೋಡಿ, ಅದರ ಪಕ್ಕಕ್ಕೇ ಬೈಕ್ ಎಳೆದಿದ್ದರು. ಹಿಂದಿನ ರಾತ್ರಿ ಆನೆ ಹೊಳೆಯಾಚೆ ಇವೆ ಎಂದು ಮೆಸೇಜು ಬಂದಿತ್ತು. ಮನಸ್ಸು ನಿಶ್ಚಿಂತೆಯಾಗಿತ್ತು. ಆನೆ ಇರಲಾರದು ಅಂದ ಮೇಲೆ ಎದುರಿಗಿದ್ದ ಕಪ್ಪು ದುಂಡಿಗೆ ಬೇರೆ ಏನಾದರೂ ಹೆಸರು ಬೇಕಲ್ಲ.

ರೈಟರ್ ಇಸ್ಪೀಟಿನ ಗಟ್ಟಿ ಆಟಗಾರರು. ಹಾಗಾಗಿ ಗೆರೆಯ ಚಿತ್ರ ಬಿಟ್ಟು, 1949ರಲ್ಲಿ ಜೆರೋಮ್ ಬ್ರೂನರ್ ಮತ್ತು ಲಿಯೋ ಪೋಸ್ಟ್‌ಮನ್ ಮಾಡಿದ ಪ್ರಯೋಗ ಹೇಳಿದೆ. ಅವರು ಎಲೆಗಳ ಬಣ್ಣ ಅದಲುಬದಲು ಮಾಡಿದ್ದರು. ಕೆಂಪು ಇಸ್ಪೀಟು, ಕಪ್ಪು ಆಟೀನು, ಹೀಗೆ. ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಯಾವ ಎಲೆ ಎಂದು ಕೇಳಿದರೆ, ಬಹಳ ಜನ ಕಪ್ಪು ಆಟೀನನ್ನು ಇಸ್ಪೀಟು ಅಂದರು, ಇಲ್ಲವೇ ಮಾಮೂಲಿ ಕೆಂಪು ಆಟೀನು ಅಂದರು. ತಪ್ಪು ಎಲೆಯನ್ನು ತಪ್ಪು ಎಂದು ಗುರುತಿಸಲು ಸರಿ ಎಲೆಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕಾಯಿತು. ರೈಟರ್‌ಗೆ ವಿವರಣೆಯೇ ಬೇಕಾಗಲಿಲ್ಲ. "ಕಟ್ಟಿನಲ್ಲಿ ಇಲ್ಲದ ಎಲೆ ಹೆಂಗೆ ಕಾಣುತ್ತೆ" ಎಂದರು.

ಇಷ್ಟು ದಿನ ಅವರನ್ನು ಕೊರೆಯುತ್ತಿದ್ದುದು ಏನು ಎಂದು ಆಗ ಹೊರಬಂತು. ಆನೆಯ ಭಯ ಒಂದು ಪಾಲು. ಮಿಕ್ಕದ್ದು, ಇಷ್ಟು ವರ್ಷದ ಅನುಭವ ಇದ್ದೂ ಕಣ್ಣು ಕೈಕೊಟ್ಟಿತಲ್ಲ ಎಂಬ ಅವಮಾನ. ಇನ್ನೊಮ್ಮೆ ಕೈಕೊಡಬಾರದು ಎಂದು ಅವರು ಪ್ರತಿ ಕಪ್ಪು ಆಕಾರವನ್ನೂ ಆನೆ ಎಂದೇ ಹಿಡಿಯುತ್ತಿದ್ದರು.

ಪುಸ್ತಕ ಇಟ್ಟದ್ದು

ಹಾಜರಿ ಪುಸ್ತಕ ಬರೆಯುವವರಿಗೆ ಇನ್ನೊಂದು ಪುಸ್ತಕ ಭಾರವಲ್ಲ. ಆನೆ ಕಂಡಾಗಲೆಲ್ಲ ಬರೆಯಬೇಕು. ಹೊತ್ತು, ಜಾಗ, ಬೆಳಕು, ಹಿಂದಿನ ರಾತ್ರಿಯ ನಿದ್ದೆ, ಹತ್ತಕ್ಕೆ ಎಷ್ಟು ಖಾತ್ರಿ. ಬೆಳಗ್ಗೆ ಇಬ್ಬರು ಹೋಗಿ ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡಿ ಕೊನೆಯ ಕಾಲಂ ತುಂಬಬೇಕು. ಮೊದಲು ಜೀವ, ಆಮೇಲೆ ಬರವಣಿಗೆ. ಈ ಕ್ರಮ ಸರಿಯೇ ಎಂದು ಆನೆ ಕಾವಲಿನ ಕೆಲಸ ಮಾಡುವ ಒಬ್ಬರನ್ನು ಕೇಳಿಯೇ ಶುರು ಮಾಡಿದೆ.

ಆರು ವಾರಕ್ಕೆ 34 ಸಲ ಆನೆ. ಅದರಲ್ಲಿ ನಿಜವಾದದ್ದು 4. ನಾನು ಕಾಯುತ್ತಿದ್ದುದು ಖಾತ್ರಿಯ ಕಾಲಂ. ನಿಜವಾದ ಆನೆಗೆ 9, 10 ಹಾಕಿದ್ದರು. ಬೊಡ್ಡೆಗೂ 9 ಹಾಕಿದ್ದರು. 13 ಸುಳ್ಳು ಆನೆಗಳಿಗೆ 9ಕ್ಕಿಂತ ಕಡಿಮೆ ಇರಲಿಲ್ಲ. ಖಾತ್ರಿ ನೋಡಿ ಆನೆಯನ್ನು ಬೊಡ್ಡೆಯಿಂದ ಬೇರೆ ಮಾಡಲು ಸಾಧ್ಯವೇ ಇರಲಿಲ್ಲ.

ಬೇರೆ ಕಾಲಂಗಳು ಹೆಚ್ಚು ಮಾತಾಡಿದವು. ಸುಳ್ಳು ಆನೆಗಳಲ್ಲಿ ಮುಕ್ಕಾಲು ಪಾಲು ಸಂಜೆ ಆರೂವರೆಯಿಂದ ಏಳೂಕಾಲಿನ ಒಳಗೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇರುವುದಿಲ್ಲ, ಸುತ್ತಲೂ ಇರುತ್ತವೆ. ಹಾಗಾಗಿ ಕತ್ತಲಲ್ಲಿ ಓರೆಯಾಗಿ ಕಂಡದ್ದು ನೇರ ನೋಡಿದರೆ ಮಾಯವಾಗುತ್ತದೆ. ಇದನ್ನೇ ರೈಟರ್ "ನಾನು ತಿರುಗಿದ ತಕ್ಷಣ ಸರಿದು ಹೋಗುತ್ತೆ" ಎಂದು ಬರೆದಿದ್ದರು. ಆನೆಯೂ ಹಾಗೇ ಸದ್ದಿಲ್ಲದೆ ಸರಿಯುವ ಪ್ರಾಣಿ ಅಲ್ವಾ? ಮೆತ್ತೆ ಇರುವ ಪಾದ. ಕಣ್ಣಿನ ದೋಷಕ್ಕೂ ಆನೆಯ ಗುಣಕ್ಕೂ ಸರಿಯಾಗಿ ತಾಳೆ ಬಿದ್ದಿತ್ತು.

ನಿದ್ದೆ ಕೆಟ್ಟ ಮರುದಿನ ಆನೆ ಜಾಸ್ತಿ. ವಿಡಿಯೋ ನೋಡಿದ ಸಂಜೆ ಇನ್ನೂ ಜಾಸ್ತಿ. ಅವರು ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿದ್ದರು. ಕೊಡಗಿನದ್ದು, ಕೇರಳದ್ದು, ಯಾವ ವರ್ಷದ್ದೋ ಏನೋ, ಎಲ್ಲ ವಿಡಿಯೋ ಬರುತ್ತಿತ್ತು. ಮೂರರಿಂದ ಹೊರಬಂದರು. ಸ್ಥಳೀಯ ಮೆಸೇಜು ಬರುವ ಒಂದನ್ನು ಉಳಿಸಿಕೊಂಡರು.

ನನಗೆ ಹೊಳೆಯದೇ ಇದ್ದದ್ದನ್ನು ಕಂಡುಹಿಡಿದವರು ರೈಟರೇ. ನಿಜವಾದ ನಾಲ್ಕರಲ್ಲೂ ಕಣ್ಣಿನ ಜೊತೆ ಮತ್ತೊಂದು ಇತ್ತು. ಎರಡರಲ್ಲಿ ವಾಸನೆ, ಎರಡರಲ್ಲಿ ಕೊಂಬೆ ಮುರಿದ ಸದ್ದು. ಸುಳ್ಳು ಆನೆ ಬರೀ ಕಣ್ಣಿನದು. ಇದರ ಮೇಲೆ ಒಂದು ಕ್ರಮ ಕಟ್ಟಿದೆವು. ಆಕಾರ ಕಂಡರೆ ನಿಲ್ಲು. ಕೂಗಬೇಡ, ಪಟಾಕಿ ಮುಟ್ಟಬೇಡ. ಬಂದ ದಾರಿಯಲ್ಲಿ ನಾಲ್ಕು ಹೆಜ್ಜೆ ಹಿಂದೆ ಬಾ. ಹತ್ತು ಎಣಿಸುತ್ತಾ ಮೂಗು, ಕಿವಿ ಕೇಳು. ಆನೆ ಇದ್ದರೂ ಇದು ಸರಿ, ಬೊಡ್ಡೆಯಾದರೂ ನಷ್ಟ ಇಲ್ಲ. ಕಾಣುವುದನ್ನು ನಿಲ್ಲಿಸುವ ಗೊಡವೆಗೇ ನಾವು ಹೋಗಲಿಲ್ಲ.

ಭಯ ನೋಟವನ್ನೇ ಬದಲಿಸುತ್ತದೋ, ನೋಟದ ಮೇಲಿನ ತೀರ್ಮಾನವನ್ನು ಮಾತ್ರವೋ? ಈ ಬಗ್ಗೆ ಮನಶ್ಶಾಸ್ತ್ರದಲ್ಲಿ ಜಗಳ ಇದೆ. ಭಾರದ ಚೀಲ ಹೊತ್ತವರಿಗೆ ಗುಡ್ಡ ಕಡಿದಾಗಿ ಕಾಣುತ್ತದೆ ಎಂದು ಡೆನಿಸ್ ಪ್ರಾಫಿಟ್ ಮತ್ತು ಜೊತೆಗಾರರು 1990ರ ದಶಕದಲ್ಲಿ ತೋರಿಸಿದರು. ಅದು ಪ್ರಯೋಗ ಮಾಡುವವರ ಮನಸ್ಸರಿತು ಕೊಟ್ಟ ಉತ್ತರ, ನೋಟ ಬದಲಾಗಿಲ್ಲ ಎಂದು ಆಮೇಲೆ ಬೇರೆಯವರು ವಾದಿಸಿದರು. ನನಗೆ ಈ ವಾದ ಇಷ್ಟ. ಆದರೆ ಪಟಾಕಿ ಕೈಯಲ್ಲಿ ಹಿಡಿದವರಿಗೆ ಅದರಿಂದ ಉಪಯೋಗ ಇಲ್ಲ.

ಐದನೇ ಬುಡ

ಅಕ್ಟೋಬರ್ ಕೊನೆ, ಬೆಳಗ್ಗೆ ಎಂಟೂವರೆ, ಒಳ್ಳೆ ಬಿಸಿಲು. ಗುಂಪು ಹಿನ್ನೀರಿನ ಆಚೆ ಇದೆ ಎಂದು ಮೆಸೇಜು ಬಂದಿತ್ತು. 11 ಆಳುಗಳು ಮಾತಾಡುತ್ತಾ ಮೇಲಿನ ತೋಟಕ್ಕೆ ಹೋದರು. ರೈಟರ್ ಹಿಂದೆ ಉಳಿದಿದ್ದರು. ಒಂದು ಕಡೆ ವಾಸನೆ ಬಂತು, ನಿಂತರು. ಅಲ್ಲಿ ಒತ್ತಾಗಿ ನಾಲ್ಕು ಸಿಲ್ವರ್ ಮರ ಇರುವುದು ಅವರಿಗೆ ಗೊತ್ತು. ಮೆಣಸಿನ ಬಳ್ಳಿಯ ಕೆಳಗೆ ಐದು ಬುಡ ಕಂಡವು.

ಕೂಗಲಿಲ್ಲ. ನಾಲ್ಕು ಹೆಜ್ಜೆ ಹಿಂದೆ. ಹತ್ತು ಎಣಿಸಿದರು. ಐದನೇ ಬುಡ ಸ್ವಲ್ಪ ಎತ್ತಿ ಇಟ್ಟಿತು. ಮೇಸ್ತ್ರಿಗೆ ಫೋನ್ ಮಾಡಿ, ವಾಪಸ್ ಈ ದಾರಿಯಲ್ಲಿ ಬರಬೇಡಿ, ಕಣದ ಕಡೆಯಿಂದ ಇಳಿಯಿರಿ ಎಂದರು. ಮೇಸ್ತ್ರಿ ಮೊದಲು ನಕ್ಕನಂತೆ.

ಆನೆ ಹೋದ ಮೇಲೆ ನೋಡಿದರೆ ಮೂರು ರಾಶಿ ಲದ್ದಿ, ಉಜ್ಜಿ ಹರಿದ ಬಳ್ಳಿ. ಬಹಳ ಹೊತ್ತಿನಿಂದ ಅಲ್ಲೇ ನಿಂತಿತ್ತು. 11 ಜನ ಅದರಿಂದ ನಲವತ್ತು ಅಡಿ ದೂರದಲ್ಲಿ, ಹಗಲಿನಲ್ಲಿ, ಒಳ್ಳೆ ಕಣ್ಣಿಟ್ಟುಕೊಂಡು ನಡೆದು ಹೋಗಿದ್ದರು. ಮೆಸೇಜಿನಲ್ಲಿ ತಪ್ಪಿರಲಿಲ್ಲ. ಕಾಲರ್ ಇದ್ದ ಗುಂಪು ಹಿನ್ನೀರಿನ ಆಚೆಯೇ ಇತ್ತು. ಇದು ಕಾಲರ್ ಇಲ್ಲದ ಒಂಟಿ. ಗುಂಪು ಅಲ್ಲಿದೆ ಎಂಬುದನ್ನು ಇಲ್ಲಿ ಆನೆ ಇಲ್ಲ ಎಂದು ಓದಿಕೊಂಡವರು ನಾವು.

1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಚೆಂಡು ಎಸೆದಾಡುವ ವಿಡಿಯೋ ತೋರಿಸಿ ಎಸೆತ ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರು ಬಂದು ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಕಾಣಲೇ ಇಲ್ಲ. 2013ರಲ್ಲಿ ಶ್ವಾಸಕೋಶದ ಸ್ಕ್ಯಾನಿನಲ್ಲಿ ಗೊರಿಲ್ಲಾ ಚಿತ್ರ ಸೇರಿಸಿ ಕೊಟ್ಟಾಗ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಜನ ಅದನ್ನು ನೋಡದೆ ಗಂಟು ಹುಡುಕಿದರು. ಆಳುಗಳಿಗೆ ಇದನ್ನು ಹೇಳಿದಾಗ ಒಬ್ಬಾಕೆ ಒಪ್ಪಲಿಲ್ಲ. "ನಾವು ಹೋಗುವಾಗ ಇರಲಿಲ್ಲ ಬಿಡಿ ಮೇಡಂ, ಆಮೇಲೆ ಬಂದಿರಬೇಕು." ಪಟಾಕಿ ಸಿಡಿದದ್ದು ಇದೇ ಹೆಂಗಸಿನ ಪಕ್ಕ.

ನನಗೆ ಉಳಿದದ್ದು ಇದು. ಇಲ್ಲದ್ದನ್ನು ಕಂಡ ಒಬ್ಬರನ್ನು ನಾವು ಕಣ್ಣಾಸ್ಪತ್ರೆಗೆ, ಯಂತ್ರಕ್ಕೆ, ನನ್ನ ಹತ್ತಿರ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಇದ್ದದ್ದನ್ನು ಕಾಣದ 11 ಜನ ಮಾರನೇ ದಿನ ಮಾಮೂಲಿನಂತೆ ಕೆಲಸಕ್ಕೆ ಬಂದರು. ಅವರಲ್ಲಿ ಯಾರಿಗೂ ಏನೂ ಆಗಿದೆ ಎಂದು ನಮಗೆ ಅನ್ನಿಸಲೇ ಇಲ್ಲ. ರೈಟರ್‌ನ ತಪ್ಪು ಸದ್ದು ಮಾಡುತ್ತಿತ್ತು, ಆಳುಗಳದ್ದು ಮಾಡಲಿಲ್ಲ. ಆ ಆಗಸ್ಟಿನ ಬೆಳಗ್ಗೆ ರೈಟರ್ ಕೂಡ ಹೀಗೇ ನಿಶ್ಚಿಂತೆಯಿಂದ ಹೊರಟಿದ್ದರು.

ಈಗ

ಗುಣಕ್ಕೆ ಯಾವುದು ಕಾರಣ ಎಂದು ಬಿಡಿಸಿ ಹೇಳಲಾರೆ. ಔಷಧಿ ಇತ್ತು, ನಿದ್ದೆ ಬಂತು, ಮಳೆ ನಿಂತು ಬೆಳಕು ತಿಳಿಯಾಯಿತು, ವಿಡಿಯೋ ನಿಂತವು, ಪುಸ್ತಕ ಇತ್ತು. ಐದನೇ ಬುಡದ ನಂತರ ಆಳುಗಳ ಗೇಲಿ ನಿಂತದ್ದು ಎಲ್ಲಕ್ಕಿಂತ ಹೆಚ್ಚಿನ ಕೆಲಸ ಮಾಡಿತು ಎಂದು ನನ್ನ ಗುಮಾನಿ. "ಆನೆ ರೈಟರ್" ಎಂಬ ಹೆಸರು ಹೋಗಿಲ್ಲ, ಕರೆಯುವ ಧಾಟಿ ಬದಲಾಗಿದೆ.

ಎಲ್ಲ ಸರಿಹೋಗಿಲ್ಲ. ಆ ತಿರುವಿನಲ್ಲಿ ಇವತ್ತಿಗೂ ಬೈಕ್ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಹಾಲಿನ ಕ್ಯಾನ್ ಜಗುಲಿಯಲ್ಲೇ ಇದೆ. ಹೆಂಡತಿ ಅದನ್ನು ಗುಜರಿಗೆ ಹಾಕಬೇಕು ಅನ್ನುತ್ತಾರೆ, ಇವರು ಬಿಡುತ್ತಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಕಾಫಿ ಕುಯ್ಲು ಮುಗಿದ ಮೇಲೆ ಕೊನೆಯ ಸಲ ಬಂದಾಗ ಪುಸ್ತಕ ತಂದಿದ್ದರು. ಫೆಬ್ರವರಿಯಲ್ಲಿ ಒಂದೇ ನಮೂದು, ಅವರ ದುಂಡು ಅಕ್ಷರದಲ್ಲಿ: "ಸಂಜೆ 6.50. ಕೆರೆ ಏರಿ. ಒಂಟಿ. ಖಾತ್ರಿ 8. ನಿಂತೆ, ಹಿಂದೆ ಬಂದೆ, ಹತ್ತು ಎಣಿಸಿದೆ. ವಾಸನೆ ಇಲ್ಲ. ಸಾಹುಕಾರರು ಹೊಸದಾಗಿ ತರಿಸಿದ ಸಿಂಟೆಕ್ಸ್ ಟ್ಯಾಂಕು. ಇನ್ನೂ ನಲ್ಲಿ ಹಾಕಿಲ್ಲ."